ಮಾವನ ಎಡಗಾಲು

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು. ಶಕುನ, ಸೂಚನೆ ಎಂದವರ ಮಾತಿಗೆ ನಕ್ಕು ಸುಮ್ಮನಾಗುತ್ತಿದ್ದೆ. ಈಗ ನಗುವುದಿಲ್ಲ. ಹಾಗಂತ ನಂಬುತ್ತೇನೆಂದೂ ಹೇಳಲಾರೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಮ್ಮ ಮನೆ ಕುಶಾಲನಗರದಾಚೆ, ಕಾವೇರಿಗೆ ಹತ್ತಿರ. ಮಾವನವರಿಗೆ ಮೀನು ಹಿಡಿಯುವ ಹುಚ್ಚು. ಗಾಳ ಹಾಕುವ ಮೊದಲು ಎಡಗಾಲನ್ನು ನೀರಿಗಿಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ನೀರು ಬೆಚ್ಚಗಿದ್ದರೆ ಗೆಂಡೆ ಮೀನು ದಡದ ಹತ್ತಿರ ಬಂದು ಎರೆಹುಳು ಕಚ್ಚುತ್ತದೆ. ಇದ್ದಕ್ಕಿದ್ದಂತೆ ತಣ್ಣಗಾದರೆ ಮೇಲೆ ಬೆಟ್ಟದಲ್ಲಿ ಮಳೆಯಾಗಿದೆ, ಮೀನು ಆಳಕ್ಕಿಳಿಯುತ್ತದೆ ಎನ್ನುತ್ತಿದ್ದರು. ಅದರಲ್ಲಿ ವಿಚಿತ್ರವೇನೂ ಇಲ್ಲ. ಲಕ್ವ ಹೊಡೆದು ಎಡಭಾಗ ಸ್ವಾಧೀನ ತಪ್ಪಿದ ಮೇಲೆ ಅವರು ಹಾಸಿಗೆ ಹಿಡಿದರು, ಗಾಳ ನನ್ನ ಗಂಡ ಮಂಜುನಾಥರ ಕೈಗೆ ಬಂತು.

ಅಂದು ಮೇ ತಿಂಗಳ ಒಂದು ಭಾನುವಾರ. ಮಧ್ಯಾಹ್ನದ ಸುಡು ಬಿಸಿಲು. ಇವರು ಹೊಳೆ ನಡುವಿನ ಬಂಡೆಯ ಮೇಲೆ ಗಾಳ ಹಾಕಿ ಕೂತಿದ್ದರು. ನಾನು ಮನೆಯಲ್ಲಿ ಮಾವನಿಗೆ ಗಂಜಿ ಕುಡಿಸುತ್ತಿದ್ದೆ. ಅವರು ತಟ್ಟನೆ ಮುಖ ತಿರುಗಿಸಿದರು.

"ನೀರು ತಣ್ಣಗಾಗೋಯ್ತು ಕಣವ್ವಾ. ಮಂಜನ್ನ ದಡಕ್ಕೆ ಬರಾಕೇಳು."

"ನೀವು ಮನೇಲಿದ್ದೀರಿ ಮಾವ."

"ಕಾಲಿಗೆ ಗೊತ್ತಾಗ್ತೈತೆ. ಬೇಗ ಹೇಳವ್ವಾ!"

ಹೊದಿಕೆ ಸರಿಸಿ ಎಡಗಾಲು ಮುಟ್ಟಿದೆ. ಮಂಡಿಯವರೆಗೆ ಕೊರೆಯುತ್ತಿತ್ತು. ಲಕ್ವ ಹೊಡೆದ ಕಾಲು ತುಸು ತಣ್ಣಗಿರುವುದು ನನಗೆ ಗೊತ್ತು. ಆದರೆ ಬೆಳಗ್ಗೆ ಎಣ್ಣೆ ತಿಕ್ಕುವಾಗ ಹೀಗಿರಲಿಲ್ಲ. ಯಾಕೋ ಭಯವಾಗಿ ಇವರಿಗೆ ಫೋನ್ ಮಾಡಿದೆ. ಇದ್ದದ್ದು ಹೇಳಿದರೆ ನಗುತ್ತಾರೆಂದು, "ಅಪ್ಪನಿಗೆ ಉಸಿರಾಟ ಕಷ್ಟವಾಗ್ತಿದೆ, ಓಡಿ ಬನ್ನಿ" ಎಂದೆ.

ಗಾಳ, ಚೀಲ ಎಲ್ಲ ಬಂಡೆಯ ಮೇಲೇ ಬಿಟ್ಟು ಓಡಿ ಬಂದರು. ಅಪ್ಪ ಹಾಯಾಗಿ ಮಲಗಿದ್ದನ್ನು ನೋಡಿ, "ಇಂಥಾ ಸುಳ್ಳು ಹೇಳ್ತಾರಾ?" ಎಂದು ನನ್ನ ಮೇಲೆ ರೇಗುತ್ತಿರುವಾಗಲೇ ಹೊಳೆ ಕಡೆಯಿಂದ ಜನರ ಕೂಗು ಕೇಳಿಸಿತು. ಹೋಗಿ ನೋಡಿದರೆ ಬಂಡೆಯೇ ಕಾಣುತ್ತಿರಲಿಲ್ಲ. ಕೆಂಪು ನೀರು ಮರದ ಕೊಂಬೆಗಳನ್ನು ಹೊತ್ತು ಹರಿಯುತ್ತಿತ್ತು. ನಾವು ಹಿಂತಿರುಗುವ ಹೊತ್ತಿಗೆ ಮಾವನವರಿಗೆ ನಿದ್ದೆ ಹತ್ತಿತ್ತು. ಕಾಲು ಬೆಚ್ಚಗಿತ್ತು.

ಕಾಕತಾಳೀಯ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಮರುದಿನ ಬೆಳಗ್ಗೆ ಮೈ ಒರೆಸುವಾಗ, ಬೇಕೆಂತಲೇ ಅವರ ಎಡಗಾಲಿನ ಮೇಲೆ ಒಂದು ಚೊಂಬು ತಣ್ಣೀರು ಸುರಿದೆ.

"ನೀರು ಹೇಗಿದೆ ಮಾವ?" ಎಂದು ಕೇಳಿದೆ.

ಅವರು ಕಿಟಕಿಯಾಚೆ ನೋಡುತ್ತಿದ್ದವರು ನನ್ನತ್ತ ತಿರುಗಿದರು.

"ಯಾವ ನೀರವ್ವಾ?"