ಕತ್ತೆ ನೀರು ಕುಡಿಯಿತೇ ಎಂದು ಕೇಳಲು ಕಲಿಸಿದ ಗುರು

ನೀತಿಕಥೆಯಿಂದ ಹೊಟ್ಟೆ ಹೊರೆಯುವವರು ರೋಮಿನವರ ಆಳ್ವಿಕೆಯ ನಮ್ಮ ಏಷ್ಯಾ ಪ್ರಾಂತದಲ್ಲಿ ಹೇರಳವಾಗಿದ್ದಾರೆ. ಸ್ಮುರ್ನ ಪಟ್ಟಣದ ವಾಗ್ಮಿಗಳು ಅದನ್ನು ತಮ್ಮ ಭಾಷಣಕ್ಕೆ ಒಗ್ಗರಣೆಯಾಗಿ ಹಾಕುತ್ತಾರೆ. ಎಫೆಸದ ತತ್ತ್ವಜ್ಞಾನಿಗಳು ಕಹಿ ಉಪದೇಶದ ಮೇಲೆ ಜೇನಿನಂತೆ ಸವರುತ್ತಾರೆ. ರೋಮಿನಿಂದ ಬಂದ ಅಧಿಕಾರಿಗಳು ಔತಣದಲ್ಲಿ ದ್ರಾಕ್ಷಾರಸ ತಲೆಗೇರಿದ ಮೇಲೆ ಹೇಳಿ, ಯಾರೂ ನಗುವ ಮೊದಲೇ ತಾವೇ ನಗುತ್ತಾರೆ. ಆದರೆ ನರಿ, ಕಾಗೆ, ಕತ್ತೆಗಳ ಈ ಹಳೆಯ ಆಸ್ತಿಯನ್ನು ಬಡವರ ಮಕ್ಕಳ ಕೈಗಿಟ್ಟು, ಇದು ನಿಮ್ಮದೇ, ಬಳಸಿಕೊಳ್ಳಿ ಎಂದವರು ನಾನು ಕಂಡಂತೆ ಒಬ್ಬರೇ. ಅವರು ನಮ್ಮೂರಿನ ಅಕ್ಷರಗುರುಗಳಾದ ಪೂಜ್ಯ ಆರ್ತೆಮೋನ್ ಅವರು. ಈ ದ್ರಾಕ್ಷಿ ಸುಗ್ಗಿಗೆ ಅವರು ಶಾಲೆಯ ಪೀಠದಿಂದ ಇಳಿಯುತ್ತಿದ್ದಾರೆ. ಅವರ ಶಿಷ್ಯರು ಕೂಡಿ ಬರೆಯುತ್ತಿರುವ ಈ ಅಭಿನಂದನ ಸುರುಳಿಯಲ್ಲಿ ಬಣ್ಣಗಾರರ ಸಂಘದ ಪರವಾಗಿ ನನಗೂ ಎರಡು ಮಾತು ಬರೆಯುವ ಭಾಗ್ಯ ಸಿಕ್ಕಿದೆ.

ನನಗಿಂತ ಮೊದಲು ಬರೆದ ಮಹನೀಯರೊಬ್ಬರು ಗುರುಗಳನ್ನು ಸೂರ್ಯನಿಗೆ ಹೋಲಿಸಿದ್ದಾರೆ. ಸೂರ್ಯನಿಗೆ ಕೆಮ್ಮು ಬರುವುದಿಲ್ಲ, ನಮ್ಮ ಗುರುಗಳಿಗೆ ಚಳಿಗಾಲವಿಡೀ ಬರುತ್ತದೆ. ಇನ್ನೊಬ್ಬರು ಅವರು ಎಂದೂ ಕೋಪಿಸಿಕೊಂಡವರಲ್ಲ ಎಂದಿದ್ದಾರೆ. ಆ ಮನುಷ್ಯ ಬೇರೆ ಯಾವುದೋ ಶಾಲೆಯಲ್ಲಿ ಓದಿರಬೇಕು. ಗುರುಗಳ ಕೈಯ, ಸೋಂಪುಗಿಡದ ಒಣದಂಟಿನ ಕೋಲು ನನ್ನ ಅಂಗೈಗೆ ಚೆನ್ನಾಗಿ ಪರಿಚಯವಿತ್ತು. ನಾನು ಬಲ್ಲಷ್ಟನ್ನು, ಕಂಡ ಹಾಗೆ ಬರೆಯುತ್ತೇನೆ.

ಗುರುಗಳು ಲವೊದಿಕೀಯದಿಂದ ನಮ್ಮೂರಿಗೆ ಬಂದಾಗ ನಾನು ಇನ್ನೂ ಹಾಲುಹಲ್ಲು ಬೀಳದವನು. ಊರಿನ ಶ್ರೀಮಂತ ಅತ್ತಾಲ ಅವರು ಚೌಕದ ಕಂಬಸಾಲಿನ ಒಂದು ಮೂಲೆಯನ್ನು ಶಾಲೆಗೆ ಬಿಟ್ಟುಕೊಟ್ಟು, ಗುರುಗಳ ಸಂಬಳವನ್ನೂ ತಾವೇ ವಹಿಸಿಕೊಂಡಿದ್ದರು. ಅತ್ತಾಲ ಅವರ ಈ ಉಪಕಾರವನ್ನು ಮುಚ್ಚಿಡುವುದು ಅನ್ಯಾಯವಾದೀತು. ನಮ್ಮಂಥವರ ಮಕ್ಕಳೂ ಅಲ್ಲಿ ಕೂತೆವು.

ಉಳಿದ ಶಾಲೆಗಳಲ್ಲಿ ಕಥೆಯ ಕೊನೆಗೆ ನೀತಿಯನ್ನು ಗುರುವೇ ಹೇಳಿ ಬರೆಸುತ್ತಾನೆ, ಮಕ್ಕಳು ಅದನ್ನು ಗಿಣಿಯಂತೆ ಒಪ್ಪಿಸುತ್ತಾರೆ. ನಮ್ಮ ಗುರುಗಳು ಕಥೆಯನ್ನಷ್ಟೇ ಮೇಣದ ಹಲಗೆಯಲ್ಲಿ ಬರೆಸಿ, ಕೆಳಗೆ ಒಂದು ಸಾಲಿನ ಜಾಗ ಬಿಡಿಸುತ್ತಿದ್ದರು. ಕಥೆಯನ್ನು ಮನೆಯಲ್ಲಿ ಹೇಳಿ, ಹಿರಿಯರೊಬ್ಬರಿಂದ ನೀತಿ ಕೇಳಿಕೊಂಡು ಬಂದು ಬೆಳಗ್ಗೆ ತುಂಬಿಸಬೇಕು. ಆಲಿಕಲ್ಲಿಗೆ ಹೆದರಿದ ಕೊಕ್ಕರೆ ಆಮೆಯ ಚಿಪ್ಪಿನೊಳಗೆ ತಲೆ ಮಾತ್ರ ತೂರಿಸಿ ನಿಂತ ಕಥೆ ನನಗೆ ಇಂದಿಗೂ ನೆನಪಿದೆ. ಮರುದಿನ ನಿವೃತ್ತ ಸೈನಿಕನ ಮಗ, ತಲೆ ಉಳಿದರೆ ಎಲ್ಲ ಉಳಿದಂತೆ ಎಂದು ಬರೆದು ತಂದ. ಸೂಲಗಿತ್ತಿಯ ಮಗಳು, ತಲೆ ಬಂದ ಮೇಲೆ ಮೈ ಬಂದೇ ಬರುತ್ತದೆ ಎಂದು ತಂದಳು. ನನ್ನ ಅಪ್ಪ ಬಣ್ಣದ ಕೊಪ್ಪರಿಗೆ ಕಲಕುತ್ತ, "ನೆಂದ ಮೇಲೆ ಏನು ಚಿಂತೆ ಅಂತ ಬರ್ಕೊಳ್ಳೋ" ಎಂದಿದ್ದ. ಅಜ್ಜಿ ಮಾತ್ರ ಆಮೆಯ ಪರ ವಹಿಸಿದಳು: "ಪಾಪ, ಬಂದೋರ್ನ ಅರ್ಧ ಆದ್ರೂ ಒಳಗೆ ಕರೀತಲ್ಲ!" ಗುರುಗಳು ಒಂದೊಂದನ್ನೂ ಗಟ್ಟಿಯಾಗಿ ಓದಿಸಿ, ಕಥೆಯೊಳಗೆ ಇಲ್ಲದ್ದನ್ನು ಬರೆದು ತಂದವನಿಗೆ ಮಾತ್ರ ಕೋಲು ತೋರಿಸುತ್ತಿದ್ದರು. ಹೀಗೆ ನಮ್ಮೂರಿನ ಮೀನುಗಾರ, ಕುಂಬಾರ, ಕೆಲಸದ ಆಳು ಎಲ್ಲರೂ ತಮಗೆ ತಿಳಿಯದೆಯೇ ಆ ಶಾಲೆಯ ಉಪಾಧ್ಯಾಯರಾದರು.

ನನ್ನ ಓದು ಬೇಗ ಮುಗಿಯಿತು. ಅಪ್ಪ ಕೆಮ್ಮಿ ಕೆಮ್ಮಿ ತೀರಿಕೊಂಡ, ನಾನು ಕೊಪ್ಪರಿಗೆಯ ಮುಂದೆ ನಿಂತೆ. ಒಂದು ಸಂಜೆ ಗುರುಗಳು ನಮ್ಮ ಬಣ್ಣದ ಕೊಟ್ಟಿಗೆಗೆ ಬಂದರು. ಬಣ್ಣ ಹಿಡಿಯಲು ಬಳಸುವ ಹಳಸಿದ ಮೂತ್ರ, ಬೇಯುವ ಮಂಜಿಷ್ಠದ ಕೆಂಪು ಬೇರು, ಒದ್ದೆ ಉಣ್ಣೆ ಇವುಗಳ ವಾಸನೆಗೆ ಮನೆಯ ಬೆಕ್ಕೇ ಒಳಗೆ ಬರುತ್ತಿರಲಿಲ್ಲ. ಗುರುಗಳು ಮೂಗಿಗೆ ಉತ್ತರೀಯ ಒತ್ತಿಕೊಂಡು ಮರದ ತೊಟ್ಟಿಯನ್ನು ಬೋರಲು ಹಾಕಿ ಕೂತು, "ಬಣ್ಣ ಏರೋವರೆಗೆ ನಿನಗೇನು ಕೆಲಸ ಪಪಿಯಾ? ಓದು," ಎಂದರು. ಆ ಚಳಿಗಾಲ ಪೂರ್ತಿ ಹಾಗೆಯೇ ನಡೆಯಿತು. ಅವರು ಒಂದು ಅಂಜೂರವನ್ನೂ ಪ್ರತಿಫಲವಾಗಿ ಮುಟ್ಟಲಿಲ್ಲ. ಇವತ್ತು ನಾನು ಈ ಸಾಲುಗಳನ್ನು ಯಾರಿಂದಲೂ ಬರೆಸದೆ ನನ್ನ ಕೈಯಿಂದಲೇ ಬರೆಯುತ್ತಿದ್ದರೆ ಅದಕ್ಕೆ ಆ ತೊಟ್ಟಿಯ ಮೇಲಿನ ಸಂಜೆಗಳೇ ಕಾರಣ.

ಈಗ ಎಲ್ಲರಿಗೂ ಗೊತ್ತಿದ್ದರೂ ಈ ಸುರುಳಿಯಲ್ಲಿ ಯಾರೂ ಬಾಯಿಬಿಡದ ಸಂಗತಿಗೆ ಬರುತ್ತೇನೆ.

ಅತ್ತಾಲ ಅವರಿಗೆ ಊರಿಗೊಂದು ಸ್ನಾನಗೃಹ ಕಟ್ಟಿಸಿಕೊಡುವ ಆಸೆ ಬಂತು. ಒಳ್ಳೆಯ ಆಸೆಯೇ. ಆದರೆ ಅದಕ್ಕೆ ನೀರು ನಮ್ಮ ಕಾಲುವೆಯ ತಲೆಯಿಂದಲೇ ಬೇಕಾಗಿತ್ತು. ಕಾಲುವೆ ಬತ್ತಿದರೆ ಅದರ ದಂಡೆಯ ಬಣ್ಣಗಾರರೆಲ್ಲ ಒಲೆ ಆರಿಸಿ ಊರು ಬಿಡಬೇಕಿತ್ತು. ಬೇರೆ ಗುಡ್ಡದಿಂದ ನೀರು ತರಬಹುದು, ಖರ್ಚು ಹೆಚ್ಚು ಎಂದು ಅವರ ಮೇಸ್ತ್ರಿಯೇ ಹೇಳಿದ್ದ. ಜನಸಭೆ ಕೈಯೆತ್ತಿ ಒಪ್ಪುವುದಷ್ಟೇ ಬಾಕಿಯಿತ್ತು. ಆ ಬೆಳಗ್ಗೆ ನಾನು ಗಡಾರಿ ಹಿಡಿದು, ಒಪ್ಪಿಗೆಗೂ ಮೊದಲೇ ಅವರ ಆಳುಗಳು ಕಾಲುವೆಯ ತಲೆಗೆ ಜೋಡಿಸಿ ನೀರು ತಿರುಗಿಸಿದ್ದ ಹೊಸ ಕೊಳವೆಯನ್ನು ಒಡೆಯಲು ಹೊರಟವನು ದಾರಿಯಲ್ಲಿ ಗುರುಗಳಿಗೆ ಎದುರಾದೆ.

"ಎಲ್ಲಿಗೋ?"

"ನೀರು ತರೋಕೆ."

"ಅದರಿಂದ ಒಡೆದ್ರೆ ಇವತ್ತು ನೀರು ಬರ್ತದೆ. ನಾಳೆ ಸೈನಿಕರು ಬರ್ತಾರೆ. ಕೆಳಗಿಡು ಅದನ್ನ."

"ನಿಮಗೇನು ಗುರುಗಳೇ, ನಿಮಗೆ ಸಂಬಳ ಅವರ ಮನೆಯಿಂದ ಬರ್ತದೆ!" ಎಂದು ಬೀದಿಯಲ್ಲೇ ಕೂಗಿದೆ.

ಅವರು, "ಹೌದು ಕಣಯ್ಯ, ಬರ್ತದೆ. ನಡಿ ಸಭೆಗೆ," ಎಂದರು.

ಸಭೆ ಸೇರಿದ್ದ ರಂಗಮಂದಿರದ ಮೆಟ್ಟಿಲುಗಳೆಲ್ಲ ತುಂಬಿದ್ದವು. ಅತ್ತಾಲ ಅವರು ಸ್ಮುರ್ನದಿಂದ ಕರೆಸಿದ್ದ ವಾಗ್ಮಿ ಎದ್ದು ನಿಂತು, ಗಂಟಲಿಗೆ ಎಣ್ಣೆ ಸವರಿಕೊಂಡವನಂತೆ ಒಂದು ಕಥೆ ಹೇಳಿದ. ಒಬ್ಬ ಯಜಮಾನನ ಮನೆಯಲ್ಲಿ ಒಂದೇ ನೀರಿನ ತೊಟ್ಟಿ. ಕುದುರೆ ಕತ್ತೆಗೆ ಹೇಳಿತಂತೆ: ನಾನು ಪಂದ್ಯಕ್ಕೆ ಹೋಗುವವನು, ನನ್ನ ಕೀರ್ತಿ ಈ ಮನೆಯ ಕೀರ್ತಿ, ನನಗೆ ದಾರಿ ಬಿಡು. ಕತ್ತೆ ಪಕ್ಕಕ್ಕೆ ನಿಂತಿತು. ಕುದುರೆ ಹೊಟ್ಟೆ ತುಂಬ ಕುಡಿದು ಪಂದ್ಯ ಗೆದ್ದಿತು. ಮನೆಯಲ್ಲಿ ಹಬ್ಬವಾಯಿತು, ಕತ್ತೆಯ ಕೊರಳಿಗೂ ಹೂವಿನ ಹಾರ ಬಿತ್ತು. "ಇದರ ನೀತಿ ಏನೆಂದರೆ," ಎಂದು ವಾಗ್ಮಿ ಕೈಚಾಚಿದ, "ದೊಡ್ಡವರಿಗೆ ದಾರಿ ಬಿಟ್ಟ ಸಣ್ಣವರಿಗೂ ಕೀರ್ತಿಯಲ್ಲಿ ಪಾಲುಂಟು!" ಚಪ್ಪಾಳೆ ಬಿತ್ತು. ಅರ್ಧ ಊರಿನ ಕೈ ಮೇಲೇಳುತ್ತಿತ್ತು.

ಆಗ ಗುರುಗಳು ಎದ್ದರು. ನಾನು ಪಕ್ಕದಲ್ಲೇ ಇದ್ದೆ. ಅವರು ಒಮ್ಮೆ ಕೂರಲು ಹೋಗಿ, ಉತ್ತರೀಯದ ಅಂಚನ್ನು ಬಿಗಿಯಾಗಿ ಹಿಡಿದು ಮತ್ತೆ ನೆಟ್ಟಗೆ ನಿಂತರು. ಅತ್ತಾಲ ಅವರು ಮುಂದಿನ ಸಾಲಿನಿಂದ ತಿರುಗಿ ಅವರನ್ನೇ ನೋಡುತ್ತಿದ್ದರು. ಹೆದರಿಕೆಯೇ ಗೊತ್ತಿಲ್ಲದವನ ಧೈರ್ಯಕ್ಕೆ ನಾನು ಮೂರು ಕಾಸಿನ ಬೆಲೆ ಕೊಡುವುದಿಲ್ಲ. ಅವತ್ತು ನಾನು ಕಂಡದ್ದು ಬೇರೆ ಜಾತಿಯ ಧೈರ್ಯ.

"ಕಥೆ ಚೆನ್ನಾಗಿದೆ ಸ್ವಾಮಿ," ಎಂದರು ಗುರುಗಳು. "ನಮ್ಮೂರಲ್ಲಿ ಒಂದು ಪದ್ಧತಿ ಉಂಟು. ಕಥೆ ಹೇಳಿದೋರು ನೀತಿ ಹೇಳೋ ಹಾಗಿಲ್ಲ, ಕೇಳಿದೋರು ಹೇಳ್ಬೇಕು. ಇಲ್ಲಿರೋ ಅರ್ಧ ಜನಕ್ಕೆ ನಾನೇ ಅಕ್ಷರ ಕಲಿಸಿದ್ದು. ಕೈ ಎತ್ತೋ ಮೊದಲು ಅವರನ್ನ ಒಂದು ಮಾತು ಕೇಳೋಣ."

ವಾಗ್ಮಿ ನಕ್ಕು ತಲೆಯಾಡಿಸಿದ. ಮಕ್ಕಳಾಟ ಎಂದುಕೊಂಡಿರಬೇಕು. ಆಮೇಲೆ ಮೇಲಿನ ಮೆಟ್ಟಿಲಿನಿಂದ ಹೇಸರಗತ್ತೆ ಹೊಡೆಯುವ ತ್ರೋಫಿಮ ಎದ್ದ. ನನ್ನ ಜೊತೆ ಓದಿದವನು, ಮಾತು ಕಡಿಮೆ.

"ಒಂದು ಅನುಮಾನ. ಹಾರ ಹಾಕಿದ್ರು, ಸರಿ. ಕತ್ತೆ ನೀರು ಕುಡೀತಾ?"

"ಏನು?" ಎಂದ ವಾಗ್ಮಿ.

"ನೀವು ಹೇಳಿದ ಕಥೇಲಿ ಕುದುರೆ ಕುಡೀತು. ಕತ್ತೆ ಎಲ್ಲಿ ಕುಡೀತು? ನಾನು ಪ್ರಾಣಿ ಸಾಕೋನು, ಅದಕ್ಕೆ ಕೇಳ್ದೆ."

"ಅಯ್ಯಾ, ಅದು ಕಥೆಗೆ ಮುಖ್ಯ ಅಲ್ಲ."

"ಕತ್ತೆಗೆ ಮುಖ್ಯ," ಎಂದು ತ್ರೋಫಿಮ ಕೂತುಬಿಟ್ಟ.

ಮೊದಲು ನಕ್ಕವರು ಮೀನುಗಾರರು. ನಗು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿದು ಮುಂದಿನ ಸಾಲು ಮುಟ್ಟಿತು. "ಹಾರಾನೇ ತಿಂದ್ಕೊಂಡಿರ್ಬೇಕು ಬಿಡ್ರೋ!" ಎಂದು ಒಬ್ಬ ಕೂಗಿದ. "ಹಬ್ಬದ ಸೌದೆ ಹೊತ್ತಿದ್ದೂ ಅದೇ ಇರ್ಬೇಕು!" ಎಂದು ಇನ್ನೊಬ್ಬ. ವಾಗ್ಮಿ ಮತ್ತೊಂದು ಕಥೆಗೆ ಬಾಯಿ ತೆರೆದ, ಯಾರೂ ಕೇಳಲಿಲ್ಲ. ಎದ್ದ ಕೈಗಳು ಇಳಿದವು. ಕಾಲುವೆ ನಮಗೇ ಉಳಿಯಿತು. ಅತ್ತಾಲ ಅವರು ಆಮೇಲೆ ಆ ಇನ್ನೊಂದು ಗುಡ್ಡದಿಂದಲೇ ನೀರು ತರಿಸಿ ಸ್ನಾನಗೃಹ ಕಟ್ಟಿಸಿದರು. ನಾನೂ ಹೋಗುತ್ತೇನೆ, ಚೆನ್ನಾಗಿದೆ.

ಆದರೆ ಗುರುಗಳ ಸಂಬಳ ಆ ತಿಂಗಳಿಗೇ ನಿಂತಿತು. ಕಂಬಸಾಲಿನ ಮೂಲೆಗೆ ಹಗ್ಗ ಕಟ್ಟಿದರು. ಆಗ ಒಬ್ಬ ಹಿರಿಯರೂ ಚಕಾರವೆತ್ತಲಿಲ್ಲ. ಇಂದು ಇದೇ ಸುರುಳಿಯಲ್ಲಿ ಉದ್ದುದ್ದ ಹೊಗಳಿರುವ ಕೆಲವರ ಹೆಸರು ನನಗೆ ಗೊತ್ತು. ಅಭಿನಂದನೆಯ ಮರ್ಯಾದೆಗಾಗಿ ಬರೆಯುವುದಿಲ್ಲ. ನಾವು ಬಣ್ಣಗಾರರು ನಮ್ಮ ಉಣ್ಣೆಯ ಉಗ್ರಾಣವನ್ನು ಗುಡಿಸಿ ಕೊಟ್ಟೆವು. ಈ ನಾತದಲ್ಲಿ ಹೇಗೆ ಪಾಠ ಮಾಡುತ್ತೀರೋ ಎಂದು ನಾನು ಸಂಕೋಚಪಟ್ಟರೆ ಗುರುಗಳು, "ಒಳ್ಳೇದೇ ಆಯ್ತು. ಇಲ್ಲಿ ಯಾವ ಹುಡುಗನಿಗೂ ನಿದ್ದೆ ಬರಲ್ಲ," ಎಂದರು. ಅಂದಿನಿಂದ ಇಂದಿನವರೆಗೂ ಶಾಲೆ ಅಲ್ಲಿಯೇ ನಡೆದಿದೆ. ಕೊಪ್ಪರಿಗೆ ಕುದಿಯುವ ಸದ್ದಿನ ಜೊತೆಗೆ ಮಕ್ಕಳು ಕಥೆ ಓದುವ ಸದ್ದು ಕೇಳುತ್ತ ನನ್ನ ತಲೆ ನರೆತಿದೆ. ಬರುವ ವಾರದಿಂದ ಅವರ ಶಿಷ್ಯನೊಬ್ಬ ಪಾಠ ಹೇಳುತ್ತಾನೆ. ಸದ್ದು ಅದೇ ಇರುತ್ತದೆ, ಕೆಮ್ಮು ಇರುವುದಿಲ್ಲ. ಅದನ್ನು ನೆನೆದರೆ ನನಗೆ ಕೆಲಸ ಸಾಗುವುದಿಲ್ಲ.

ಗುರುಗಳಿಗೆ ಚೌಕದಲ್ಲಿ ಪ್ರತಿಮೆ ನಿಲ್ಲಿಸುವ ಮಾತು ಬಂದಾಗ, ಪಾರಿವಾಳಗಳಿಗೆ ಕೂರಲು ಊರಲ್ಲಿ ಸಾಕಷ್ಟು ತಲೆಗಳಿವೆ ಎಂದು ಅವರೇ ತಡೆದರು. ಹಾಗಾಗಿ ನಮ್ಮ ಸಂಘ ಒಂದು ದಪ್ಪ ಉಣ್ಣೆಯ ಹೊದಿಕೆ ನೇಯಿಸಿ, ನಮ್ಮ ಕಾಲುವೆಯ ನೀರಿನಲ್ಲೇ ಕೆಂಪು ಬಣ್ಣ ಅದ್ದಿ ಸಿದ್ಧಮಾಡಿದೆ. ಗುರುಗಳೇ, ಬಿಗುಮಾನ ಮಾಡದೆ ಹೊದ್ದುಕೊಳ್ಳಿ. ಎದೆಗೆ ಬೆಚ್ಚಗಿರಲಿ, ಕಥೆಗಳು ಬಾಯಲ್ಲಿರಲಿ, ಉಗ್ರಾಣದ ಬಾಗಿಲಲ್ಲಿ ನಿಮ್ಮ ಪೀಠ ಹಾಗೆಯೇ ಇರುತ್ತದೆ, ಬಂದು ಕೂರಿ. ಮಂಜಿಷ್ಠದ ಕೆಂಪು ಸುಲಭಕ್ಕೆ ಬಿಡುವುದಿಲ್ಲ, ಹತ್ತಾರು ಚಳಿಗಾಲ ತಡೆಯುತ್ತದೆ. ಅದು ಮಾಸಿದಾಗ ತಂದುಕೊಡಿ, ಮತ್ತೆ ಅದ್ದಿಕೊಡುತ್ತೇವೆ. ಮತ್ತೆ ಮಾಸಿದರೆ ಮತ್ತೆ ತನ್ನಿ.