ಮಡಿ ಕಪಾಟಿನ ಕಿಂಡಿ

ಅಂಬಕ್ಕ ಸುಟ್ಟು ಸತ್ತದ್ದು ನನ್ನಿಂದ. ಖಾಜಾ ಸಾಬರಿಂದ ಅಲ್ಲ.

ಇಷ್ಟೇ ಮಾತು. ಇದನ್ನು ಬರೆಯುವುದಕ್ಕೆ ನನಗೆ ಒಂದು ಆಯುಷ್ಯವೇ ಬೇಕಾಯಿತು. ಮಾವನವರು ಹೋದರು, ನನ್ನ ಗಂಡ ಹೋದರು, ಕಣ್ಣು ಕೆಂಪಗೆ ಮಾಡಿ ನನ್ನನ್ನು ಸುಮ್ಮನಿರಿಸುವವರು ಈಗ ಯಾರೂ ಉಳಿದಿಲ್ಲ. ಎಲ್ಲರೂ ಹೋದ ಮೇಲೆ ಬಾಯಿ ಬಿಡುವುದು ಧೈರ್ಯವಲ್ಲ ಎಂದು ನೀವು ಅಂದರೆ — ಅನ್ನಿರಿ, ನಿಜ.

ನಾನು ದೇವದುರ್ಗದ ಹುಡುಗಿ. ರಾಯಚೂರಿನ ವಕೀಲರ ಮನೆಗೆ ಸೊಸೆಯಾಗಿ ಬಂದೆ. ಅತ್ತೆ ಮೊದಲೇ ತೀರಿಕೊಂಡಿದ್ದರು. ಗಂಡ ಗುಲಬರ್ಗಾದಲ್ಲಿ ನೌಕರಿಯಲ್ಲಿದ್ದರು. ಮನೆಯಲ್ಲಿದ್ದವರು ಮಾವನವರು, ನಾನು, ಮಾವನವರ ಅಕ್ಕ ಅಂಬಕ್ಕ. ಚಿಕ್ಕಂದಿನಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ಕೆಂಪು ಸೀರೆಯಲ್ಲೇ ಮುದುಕಿಯಾದ ಜೀವ ಅದು. ಬೆಳಿಗ್ಗೆ ಮಿಂದು, ಯಾರೂ ಮುಟ್ಟದೆ ಒಣಗಿದ ಸೀರೆ ಉಟ್ಟ ಮೇಲೆಯೇ ಒಲೆ ಹಚ್ಚುವಳು. ಮಳೆಗಾಲದಲ್ಲಿ ಸೀರೆ ಒಣಗದು. ಒಣಗದಿದ್ದರೆ ಒದ್ದೆಯದನ್ನೇ ಉಟ್ಟಾಳೇ ಹೊರತು ಬೇರೆಯದನ್ನು ಮುಟ್ಟಳು. ಅವಳಿಗೆ ಉಬ್ಬಸ ಬೇರೆ. ಒದ್ದೆ ಸೀರೆಯಲ್ಲಿ ಕೂತು ಅವಳು ಉಸಿರೆಳೆಯುವ ಸದ್ದು ಪಡಸಾಲೆಯವರೆಗೂ ಕೇಳುತ್ತಿತ್ತು.

ನಾನು ಬಂದ ವರ್ಷವೇ ರೈಲ್ವೆಯ ಇಂಗ್ಲಿಷ್ ಸಾಹೇಬನೊಬ್ಬ ತನ್ನ ದೇಶಕ್ಕೆ ಹೊರಟ. ಅವನ ಬಂಗಲೆಯ ಸಾಮಾನು ಹರಾಜಾಯಿತು. ಜನ ಕುರ್ಚಿ ತಂದರು, ಮಂಚ ತಂದರು. ಊರಿಗೆ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎನ್ನುವ ಹಾಗೆ ಮಾವನವರು ಬಟ್ಟೆ ಒಣಗಿಸುವ ಕಪಾಟು ತಂದರು! ಆಳೆತ್ತರದ ಮರದ ಕಪಾಟು. ತಳದಲ್ಲಿ ಕರೆಂಟಿನಿಂದ ಕೆಂಪಗಾಗುವ ಸುರುಳಿ ತಂತಿ, ಅದರ ಮೇಲೆ ಕಬ್ಬಿಣದ ಜಾಲರಿ, ಮೇಲುಗಡೆ ಸೀರೆ ಹಾಕುವ ಕೋಲುಗಳು. ನೆತ್ತಿಯಿಂದ ಒಂದು ತಗಡಿನ ಕೊಳವೆ ಗೋಡೆಯನ್ನು ತೂರಿ ಹೊರಗಿನ ಓಣಿಗೆ ಬಾಯಿ ಬಿಡುತ್ತಿತ್ತು. ಒದ್ದೆ ಬಟ್ಟೆಯ ಬಿಸಿ ಹಬೆ ಆ ಕಿಂಡಿಯಿಂದಲೇ ಹೋಗಬೇಕು.

ಅದನ್ನು ನಡುಮನೆಯ ಒಳಗೆ, ಮಡಿಯ ಕೋಣೆಯಲ್ಲಿ ನಿಲ್ಲಿಸಿ ತಂತಿ ಎಳೆದುಕೊಟ್ಟವರು ಖಾಜಾ ಸಾಬರು. ಊರಿನ ಎಷ್ಟೋ ಮನೆಗಳಿಗೆ ದೀಪ ಹಾಕಿಕೊಟ್ಟವರು, ನಮ್ಮ ಮನೆಗೂ ಅವರೇ. ಅವರು ಕೆಲಸ ಮುಗಿಸಿ ಹೋದ ಮೇಲೆ ಅಂಬಕ್ಕ ಕಪಾಟಿಗೆ ಗೋಮೂತ್ರ ಚಿಮುಕಿಸಿದಳು. ಬೆಂಕಿಯಲ್ಲಿ ಒಣಗಿದ್ದಕ್ಕೆ ಮೈಲಿಗೆಯಿಲ್ಲ, ಆದರೆ ಇನ್ನು ಮುಂದೆ ಹೊರಗಿನವರ ಕೈ ಸೋಕಬಾರದು ಎಂದು ಪುರೋಹಿತರು ಅಪ್ಪಣೆ ಕೊಟ್ಟರು. ಶಾಸ್ತ್ರವೇನೋ ಸರಿಹೋಯಿತು. ಯಂತ್ರಕ್ಕೆ ಶಾಸ್ತ್ರ ತಿಳಿಯಬೇಕಲ್ಲ, ಅದು ಕೆಟ್ಟಿತು.

ಆಗ ಹುಟ್ಟಿಕೊಂಡದ್ದು ನಮ್ಮ ವಿಚಿತ್ರ ಪದ್ಧತಿ. ಖಾಜಾ ಸಾಬರು ಅಂಗಳದಲ್ಲಿ ಬೆನ್ನು ತಿರುಗಿಸಿ ನಿಲ್ಲುವರು. ನಾನು ಮಿಂದು ಒಳಗೆ ಕೂರುವೆ. ಅವರದು ಮಾತು, ನನ್ನದು ಕೈ.

"ಯವ್ವಾ, ಮೊದ್ಲ ಕರೆಂಟಿನ ದೊಡ್ಡ ಖಟಕಾ ಕೆಳಗ ಮಾಡ್ರಿ. ಮಾಡಿದ್ರೇನು? ಈಗ ಜಾಲರಿ ಎತ್ರಿ. ಸುರುಳಿ ಎಲ್ಲೆರ ಹರದದ ಏನು, ಬೆರಳು ಆಡಿಸಿ ನೋಡ್ರಿ."

"ಹರದಿಲ್ರೀ ಸಾಬರ. ಹತ್ತಿಯಂಥಾದು ಏನೋ ಕುಂತದ."

"ಅದs ನೋಡ್ರಿ ಶನಿ. ಬಟ್ಟೀದು ಜುಂಗು. ವಾರಕ್ಕೊಮ್ಮೆ ತಗೀದಿದ್ರ ಕಿಡಿ ಹಿಡಿತದ."

ಹೀಗೆ ಕಲಿತೆ. ಸುರುಳಿ ಕಾಯದಿದ್ದರೆ ಏನು ನೋಡಬೇಕು, ಸೀರೆಗೆ ಸೀದ ವಾಸನೆ ಬಂದರೆ ಏನು, ಸಡಿಲಾದ ತಂತಿಯನ್ನು ತಿರುವಿ ತಿರುಪು ಬಿಗಿಯುವುದು ಹೇಗೆ, ಎಲ್ಲವನ್ನೂ. ಬಿಗಿದೆನೆಂದು ಹೇಳಿದರೆ "ಹೂಂ, ಬರೋಬರಿ" ಎಂದು ಒಪ್ಪಿಕೊಳ್ಳುವರು. ಕಣ್ಣಿಂದ ನೋಡುವ ಹಾಗಿರಲಿಲ್ಲ. ನನ್ನ ಮಾತನ್ನೇ ನಂಬಬೇಕಿತ್ತು. ನಂಬಿದರು — ಆ ಮನೆಯಲ್ಲಿ ನನ್ನ ಕೈಗೆ ಅಷ್ಟು ಬೆಲೆ ಕೊಟ್ಟವರು ಇನ್ನೊಬ್ಬರಿರಲಿಲ್ಲ. ಒಂದು ಮಾತನ್ನು ಮಾತ್ರ ಅವರು ಪ್ರತಿ ಸಲವೂ ಹೇಳುವರು: "ಮ್ಯಾಲಿನ ಕಿಂಡಿ ಮುಚ್ಚಬ್ಯಾಡ್ರಿ ಯವ್ವಾ. ಉಸುರು ಕಟ್ಟಿದ್ರ ಮನಶ್ಯಾ ಉಳೀತಾನೇನು? ಇದೂ ಹಂಗs."

ನಾನು ಮುಚ್ಚಿದೆ.

ನಿಜಾಮನ ಆಳಿಕೆ ಮುಗಿದು ಹಿಂದುಸ್ತಾನದ ಫೌಜು ಬಂದಿದ್ದ ಹೊತ್ತು. ಅದಕ್ಕೂ ಮೊದಲಿನ ತಿಂಗಳುಗಳಲ್ಲಿ ನಿಜಾಮನ ಕಡೆಯವರಿಗೆ ಹೆದರಿ ನಮ್ಮ ಓಣಿಯವರು ಬಾಗಿಲು ಹಾಕಿಕೊಂಡು ನಡುಗಿದ್ದರು. ಈಗ ಖಾಜಾ ಸಾಬರ ಓಣಿಯವರು ಹಾಕಿಕೊಂಡರು. ಮಳೆ ಹಿಡಿದಿತ್ತು. ಕಪಾಟಿನ ಕಿಂಡಿಯಲ್ಲಿ ಗುಬ್ಬಿ ಸೇರಿಕೊಂಡು ಅಂಬಕ್ಕನ ಸೀರೆಯ ಮೇಲೆ ಹೇತಿತು. ಅವಳು ಮತ್ತೆ ಮಿಂದಳು, ಮತ್ತೆ ಒಗೆದಳು, ಮಧ್ಯಾಹ್ನ ಕಳೆದರೂ ಒಲೆ ಹತ್ತಲಿಲ್ಲ. ಮರುದಿನವೂ ಅದೇ. ಖಾಜಾ ಸಾಬರಿಗೆ ಹೇಳಿಕಳಿಸಿದೆ. ಅಂಥ ದಿನದಲ್ಲೂ ಓಣಿಯ ಗೋಡೆ ಹಿಡಿದುಕೊಂಡು ಬಂದರು, ಪಾಪ. ಅಂಗಳದಲ್ಲಿ ನಿಂತು, "ನಾಳಿಗಿ ಸಣ್ಣ ಜಾಳಿಗಿ ತಂದು ಹೊರಗಿಂದ ಹೊಡೀತೀನ್ರೀ. ಅಲ್ಲೀತನ ಹಂಗs ಇರ್ಲಿ" ಎಂದರು. ಏನನ್ನೂ ಮುಟ್ಟಲಿಲ್ಲ, ಹೋದರು.

ಮರುದಿನ ಅವರು ಬರಲಿಲ್ಲ. ಹೊರಗೆ ಕಾಲಿಡುವ ಹಾಗಿರಲಿಲ್ಲ ಅವರಿಗೆ.

ಮುದುಕಿಯ ಮೇಲಿನ ಕನಿಕರದಿಂದ ಕಿಂಡಿ ಮುಚ್ಚಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನಗೆ ಹಸಿವಾಗಿತ್ತು. ಅಂಬಕ್ಕ ಉಂಡ ಮೇಲೆ ನನ್ನ ಊಟ; ಗುಬ್ಬಿಯ ದೆಸೆಯಿಂದ ಎರಡು ದಿನ ಹೊಟ್ಟೆ ಚುರುಗುಟ್ಟಿತ್ತು, ಸಿಟ್ಟು ನೆತ್ತಿಗೇರಿತ್ತು. ಮಾವನವರ ಹಳೆಯ ಧೋತರದ ತುಂಡನ್ನು ಮಡಿಯುಟ್ಟೇ ತೊಳೆದು ಹಿಂಡಿ — ನೋಡಿ, ಮಡಿಯನ್ನು ಮರೆಯಲಿಲ್ಲ, ಖಾಜಾ ಸಾಬರ ಮಾತನ್ನು ಮರೆತೆ — ಮರೆತೆನೆ? ಇಲ್ಲ. ನೆನಪಿತ್ತು. ಒಂದು ದಿನಕ್ಕೇನಾಗುತ್ತದೆ ಎಂದುಕೊಂಡೆ. ಕೋಲಿನಿಂದ ಕೊಳವೆಯೊಳಗೆ ಬಿಗಿಯಾಗಿ ತುರುಕಿದೆ, ಸೀರೆ ಹರವಿದೆ, ಖಟಕಾ ಮೇಲೆ ಮಾಡಿ ಹಿತ್ತಲಿಗೆ ಹೋದೆ.

ಅಂಬಕ್ಕನ ಕೂಗು ಕೇಳಿ ಓಡಿ ಬಂದಾಗ ಕಪಾಟಿನ ಬಾಗಿಲು ತೆರೆದಿತ್ತು. ಹೊಗೆ ಕಂಡು ಅವಳೇ ತೆರೆದಿದ್ದಳು. ಒಳಗೆ ಕಟ್ಟಿಕೊಂಡಿದ್ದ ಉರಿ ಗಾಳಿ ಸಿಕ್ಕಿದ್ದೇ ಹೊರಗೆ ಹಾರಿತ್ತು. ಉರಿಯುವ ಸೀರೆಯನ್ನು ಎಳೆದು ಹಾಕಲು ಹೋಗಿ ಮೈಮೇಲಿನದಕ್ಕೂ ಹತ್ತಿಸಿಕೊಂಡಿದ್ದಳು. ನಾನು ಕೊಡದಿಂದ ನೀರು ಸುರಿದೆ, ಮಾವನವರು ಕಂಬಳಿ ಹೊದಿಸಿದರು. ಕಂಬಳಿಯಲ್ಲಿ ಸುತ್ತುವಾಗಲೂ ಅವಳು, "ಮುಟ್ಟಬ್ಯಾಡ್ರೋ, ಮಡಿ ಅದೀನಿ, ಮುಟ್ಟಬ್ಯಾಡ್ರೋ" ಎನ್ನುತ್ತಿದ್ದಳು. ಸಂಜೆಗೆ ಜೀವ ಹೋಯಿತು.

ಈಗ ನಿಜವಾದ ಪಾಪದ ಮಾತು.

ಅವಳನ್ನು ಪಡಸಾಲೆಗೆ ಎತ್ತಿಕೊಂಡು ಹೋದಾಗ ನಾನು ಹಿಂದೆ ಉಳಿದೆ. ಕರಿ ಹಿಡಿದ ಕೊಳವೆಯಲ್ಲಿ ಧೋತರದ ತುಂಡು ಅರ್ಧ ಸುಟ್ಟು ಹಾಗೇ ಇತ್ತು. ಎಳೆದು ತೆಗೆದೆ. ಬಚ್ಚಲ ಒಲೆಗೆ ಹಾಕಿ, ಪೂರ್ತಿ ಬೂದಿಯಾಗುವವರೆಗೆ ನಿಂತು ನೋಡಿದೆ. ಪಡಸಾಲೆಯಲ್ಲಿ ಅವಳು ನೀರು ನೀರು ಎನ್ನುತ್ತಿದ್ದಳು. ನೀರು ಕೊಡುವುದಕ್ಕೆ ಹೋಗದೆ ಅರಿವೆಯನ್ನು ಸುಡುತ್ತಿದ್ದೆ ನಾನು.

ಓಣಿಯ ಗಂಡಸರೆಲ್ಲ ಅಂಗಳದಲ್ಲಿ ಸೇರಿದ್ದರು. ಆ ದಿನಗಳಲ್ಲಿ ಯಾವ ಸಾವೂ ಸುಮ್ಮನೆ ಸಾವಾಗಿರಲಿಲ್ಲ. ಯಾರು ಮಾಡಿದರು ಎಂಬುದೇ ಮೊದಲ ಪ್ರಶ್ನೆ. ಯಾರೋ ಕೇಳಿದರು: "ಆ ವಾಯರಿನ ಸಾಬ ಇತ್ಲಾಗ ಬಂದಿದ್ನೇನು?" ಮಾವನವರು ನನ್ನ ಕಡೆ ನೋಡಿದರು. ನಾನು ಸೆರಗಿನ ಮರೆಯಿಂದ ಹೇಳಿದೆ:

"ನಿನ್ನಿ ಬಂದಿದ್ರು."

ನಿಜವೇ ಹೇಳಿದೆ, ನೋಡಿ! ಒಂದಕ್ಷರ ಸುಳ್ಳಿಲ್ಲ. ಏನೂ ಮುಟ್ಟಲಿಲ್ಲ ಎಂದು ಸೇರಿಸಬಹುದಿತ್ತು. ಕಿಂಡಿ ಮುಚ್ಚಿದವಳು ನಾನು ಎಂದು — ಬಾಯಿ ತೆರೆದದ್ದು ನೆನಪಿದೆ. ಗಂಡಸರು ಆಗಲೇ ಚಪ್ಪಲಿ ಮೆಟ್ಟಿದ್ದರು. ಮಾವನವರು ಕಾಯಿದೆ ಬಲ್ಲವರು, ತಡೆಯುತ್ತಾರೆ ಎಂದುಕೊಂಡೆ. ಅವರು ಒಳಗೆ ಬಂದು ಅಕ್ಕನ ಹತ್ತಿರ ಕೂತರು.

ಖಾಜಾ ಸಾಬರನ್ನು ಕೊಲ್ಲಲಿಲ್ಲ. ಬಲಗೈಯನ್ನು ಕಲ್ಲಿನ ಮೇಲಿಟ್ಟು ಜಜ್ಜಿದರು. ಕರೆಂಟು ಮುಟ್ಟುವ ಕೈ ಇದೇ ಅಲ್ಲವೆ ಎಂದು ಕೇಳಿ ಕೇಳಿ ಜಜ್ಜಿದರಂತೆ. ಓಣಿಯಲ್ಲಿ ಅದನ್ನು ದೊಡ್ಡ ಸಾಹಸದ ಹಾಗೆ ಹೇಳಿಕೊಂಡು ತಿರುಗಿದರು. ನಾನು ಅವರಿಗೆ ಚಹಾ ಕೊಟ್ಟಿದ್ದೇನೆ. ಆ ವಾರವೇ ಸಾಬರ ಸಂಸಾರ ಊರು ಬಿಟ್ಟಿತು. ಎಲ್ಲಿಗೆ ಹೋದರೆಂದು ನಾನು ಕೇಳಲಿಲ್ಲ.

ಎಷ್ಟೋ ವರ್ಷಗಳ ಮೇಲೆ ನೆಂಟರ ಮನೆಯ ಮುಂಜಿವೆಗೆಂದು ಮಾನ್ವಿಗೆ ಹೋಗಿದ್ದೆ. ಬಳೆಯಂಗಡಿಯಲ್ಲಿ ಕೈ ಚಾಚಿ ಕೂತಾಗ ಬಳೆ ಇಡುತ್ತಿದ್ದವಳು, ನಾನು ರಾಯಚೂರಿನವಳೆಂದು ತಿಳಿದು, ಅಲ್ಲಿಯ ಯಾವ ಮನೆಯವರು ಎಂದು ಕೇಳಿದಳು. ಹೇಳಿದೆ. ಅವಳ ಕೈ ನಿಂತಿತು. "ನಾ ಖಾಜಾ ಸಾಬರ ಮಗಳ್ರೀ, ಅಮೀನಾ" ಎಂದಳು. ಉಗುಳುತ್ತಾಳೆ ಎಂದುಕೊಂಡೆ. ಉಗುಳಿದ್ದರೆ ಪುಣ್ಯವಿತ್ತು. ಅವಳು ಚಹಾ ತರಿಸಿದಳು.

"ನಮ್ಮ ಅಬ್ಬಾ ನಿಮ್ಮನ್ನ ಭಾಳ ನೆನಸ್ತಿದ್ರು ಯವ್ವಾ. ಕೈ ಹೋತು ಅಂತ ಒಂದಿನಾನೂ ಅಳಲಿಲ್ಲ. ಆ ಮುದುಕಿ ಹೋತಲ್ಲ ಅಂತ ಅಳ್ತಿದ್ರು. ನಾ ಕಣ್ಣೀಲೆ ನೋಡ್ದs ಬರೋಬರಿ ಅಂದೆ, ತಂತಿ ಎಲ್ಲೋ ಸಡ್ಲ ಇತ್ತು, ಆ ಜೀವ ನಾನs ತಗೊಂಡೆ — ಸಾಯೋತನಕ ಇದs ಮಾತು. ನಮಾಜಿಗಿ ಕುಂತ್ರೂ ಇದs."

ನಾನು ಚಹಾ ಕುಡಿದೆ. ಬಳೆ ತೊಟ್ಟುಕೊಂಡೆ. ಮುಂಜಿವೆ ಮನೆಯಲ್ಲಿ ಉಂಡೆ. ಏನೂ ಹೇಳದೆ ಮೋಟರು ಹತ್ತಿ ರಾಯಚೂರಿಗೆ ಬಂದೆ. ಒಮ್ಮೆ ಗುಂಪಿನ ಮುಂದೆ ಬಾಯಿ ಕಟ್ಟಿತು ಎನ್ನಬಹುದು. ಅಲ್ಲಿ ಗುಂಪು ಎಲ್ಲಿತ್ತು? ಒಬ್ಬ ಹೆಣ್ಣುಮಗಳು ನನ್ನ ಕೈ ಹಿಡಿದು ಕೂತಿದ್ದಳು, ಅಷ್ಟೇ. ಕೈ ಜಜ್ಜಿದವರು ಬೇರೆ, ಒಪ್ಪುತ್ತೇನೆ. ಆ ಮನುಷ್ಯನ ಮನಸ್ಸನ್ನು ಸಾಯುವವರೆಗೂ ದಿನಾ ಜಜ್ಜಿದವಳು ನಾನೊಬ್ಬಳೇ.

ಅಮೀನಾ, ಬರುವ ವಾರ ಮಾನ್ವಿಗೆ ಬರುತ್ತೇನೆ. ನಿಮ್ಮ ಮಕ್ಕಳನ್ನೂ ಕೂಡಿಸಿ, ಅವರ ಮುಂದೆಯೇ ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ ಎಂಬ ಹೆದರಿಕೆ ನನಗಿದೆ. ತಂತಿ ಸಡಿಲಾಗಿರಲಿಲ್ಲ. ನಿಮ್ಮ ಅಪ್ಪ ಹೇಳಿದ ಹಾಗೆಯೇ ನಾನು ಬಿಗಿದಿದ್ದೆ, ಅವರು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ತಮ್ಮದಲ್ಲದ ಕೊಲೆಯನ್ನು ಹೊತ್ತುಕೊಂಡು ಅವರು ಮಣ್ಣಿಗೆ ಹೋದರು. ಅದು ನನ್ನದು. ನನಗೆ ಕೊಟ್ಟುಬಿಡಿ.