ಹಳತಾದದ್ದೇ ತಪ್ಪು

ಪಾನನಿಷೇಧದ ಕಾಲದಲ್ಲಿ ನಾನು ಬೊಂಬಾಯಿಯ ಒಬ್ಬ ಪಾರ್ಸಿ ಧಣಿಗಾಗಿ ಹಳೆಯ ಪೋರ್ಟ್ ವೈನ್ ಹುಡುಕಿಕೊಂಡು ತಿರುಗುತ್ತಿದ್ದೆ. ಪರವಾನಿಗೆ ಜೇಬಿನಲ್ಲೇ ಇರುತ್ತಿತ್ತು. ಮೂಡುಬಿದಿರೆಯ ನತಾಲ್ ಬಾಯಿ ಎಂಬ ಕ್ರೈಸ್ತ ಹೆಂಗಸಿನ ಮನೆಗೆ ಮೂರು ಸಲ ಅಲೆದ ಮೇಲೆ, ಅವರ ಮಾವ ಗೋವೆಯಿಂದ ತಂದಿಟ್ಟಿದ್ದ ಎಂಬತ್ತು ವರ್ಷದ ಎರಡು ಬಾಟಲಿ ಸಿಕ್ಕಿದವು. "ರುಚಿ ಗೊತ್ತಿದ್ದವರಿಗೇ ಕೊಡಿ" ಎಂದು ಬಾಯಿ ಹಳೆಯ ಸೀರೆಯಲ್ಲಿ ಸುತ್ತಿಕೊಟ್ಟರು.

ಬಂಟ್ವಾಳದಲ್ಲಿ ಅಬಕಾರಿ ಇನ್ಸ್‌ಪೆಕ್ಟರೊಬ್ಬ ಬಸ್ಸು ನಿಲ್ಲಿಸಿ ನನ್ನ ಚೀಲ ಬಿಚ್ಚಿಸಿದ. ಪರವಾನಿಗೆಯನ್ನು ಎರಡು ಸಲ ಓದಿದ.

"ಕಾಗದ ಸರಿ ಉಂಟು. ಆದರೆ ಎಂಬತ್ತು ವರ್ಷದ್ದು ಅಂತ ನೀವೇ ಹೇಳ್ತೀರಿ. ಕೆಟ್ಟುಹೋಗಿರ್ತದೆ. ಕುಡಿದು ಯಾರಾದರೂ ಸತ್ತರೆ ಉತ್ತರ ಕೊಡಬೇಕಾದವ ನಾನು."

"ಸ್ವಾಮೀ, ಇದು ಹಳತಾದಷ್ಟೂ ಒಳ್ಳೆಯದಾಗುವ ವಸ್ತು" ಎಂದೆ.

"ಹಾಗಂತ ಕಾನೂನಿನಲ್ಲಿ ಎಲ್ಲಿ ಬರೆದುಂಟು?"

ಬಿರಡೆ ಕಿತ್ತು ಎರಡನ್ನೂ ಚರಂಡಿಗೆ ಸುರಿದ. ಆ ಪರಿಮಳಕ್ಕೆ ಬಸ್ಸಿನವರೆಲ್ಲ ಕಿಟಕಿಯಿಂದ ತಲೆ ಹೊರಹಾಕಿದರು. ನನಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತ್ತು. ಬಾರಿಸಲಿಲ್ಲವಲ್ಲ ಎಂಬ ಸಿಟ್ಟು ಇವತ್ತಿಗೂ ಇಳಿದಿಲ್ಲ. ಬಾಯಿಯವರ ಮುಖ ನೋಡುವ ಧೈರ್ಯ ಮತ್ತೆ ನನಗೆ ಬರಲಿಲ್ಲ.

ಅವನಿಗೆ ಮಾತ್ರ ನನ್ನ ಮೇಲೆ ಕನಿಕರ ಹುಟ್ಟಿರಬೇಕು. ಪರವಾನಿಗೆಯನ್ನು ಮಡಚಿ ಕೈಗಿಡುತ್ತಾ ಹೇಳಿದ: "ಬೇಜಾರು ಮಾಡ್ಬೇಡಿ ಮಾರಾಯ್ರೆ. ಮುಂದಿನ ಸಲ ಹೊಸತು ತನ್ನಿ, ಬಿಡ್ತೇನೆ."